ಸೆಕೆಂಡಿನ ಹತ್ತನೇ ಒಂದು ಪಾಲು

ಕ್ಯಾಚರ್ ಒಬ್ಬನನ್ನು ಅಳೆಯಲು ಕೂತಾಗ ನಾನು ಚೆಂಡನ್ನು ನೋಡುತ್ತಿರಲಿಲ್ಲ. ಜನ ಚೆಂಡು ನೋಡುತ್ತಾರೆ, ಅದಕ್ಕೇ ಟಿಕೆಟ್ ಕೊಂಡಿರುತ್ತಾರೆ. ನಾನು ನೋಡುತ್ತಿದ್ದದ್ದು ಪಾದಗಳನ್ನು. ಬೇಸ್‌ಬಾಲಿನಲ್ಲಿ ಬ್ಯಾಟುಗಾರನ ಹಿಂದೆ ಕುಕ್ಕರಗಾಲಲ್ಲಿ ಕೂತವನೇ ಕ್ಯಾಚರ್. ಎದುರು ಪಕ್ಷದ ಓಟಗಾರ ಎರಡನೇ ಬೇಸನ್ನು ಕದಿಯಲು, ಅಂದರೆ ಚೆಂಡು ಬರುವ ಮೊದಲೇ ಆ ಠಾಣೆಗೆ ಓಡಿ ಮುಟ್ಟಲು, ಹೊರಟ ಗಳಿಗೆಗೆ ಇವನು ಚೆಂಡು ಹಿಡಿದು, ಎದ್ದು, ಅಲ್ಲಿಗೆ ಎಸೆಯಬೇಕು. ಪಾದ ತಪ್ಪಾಗಿ ಬಿದ್ದರೆ ತೋಳು ಎಷ್ಟು ಗಟ್ಟಿಯಿದ್ದರೂ ಚೆಂಡು ತಡವಾಗಿಯೇ ಹೋಗುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಕ್ರಿಕೆಟ್ ಟೀಮಿಗೆ ಆರು ವರ್ಷ ವಿಕೆಟ್ ಕಾದವನು ನಾನು. ನನ್ನ ಎಡಗೈಯ ಎರಡು ಬೆರಳು ಇವತ್ತಿಗೂ ನೆಟ್ಟಗಿಲ್ಲ.

ಓದಿದ್ದು ಏಳನೇ ಇಯತ್ತೆ. ಇದನ್ನು ನಾನು ಯಾವತ್ತೂ ಮುಚ್ಚಿಟ್ಟಿಲ್ಲ. ಲಾಸ್ ಏಂಜಲೀಸಿನ ಕನ್ನಡದವರು ಯುಗಾದಿಗೋ ದೀಪಾವಳಿಗೋ ಒಂದು ಕಡೆ ಸೇರಿದಾಗ ಡಾಕ್ಟರು, ಎಂಜಿನಿಯರು, ಪ್ರೊಫೆಸರು ಎಂದು ಒಬ್ಬೊಬ್ಬರು ಪರಿಚಯ ಹೇಳಿಕೊಳ್ಳುತ್ತಿದ್ದರು. ನನ್ನ ಸರದಿ ಬಂದಾಗ ನಾನು ‘ಮಶಿನಿಸ್ಟ್, ಏಳನೇ ಇಯತ್ತೆ’ ಎನ್ನುತ್ತಿದ್ದೆ. ಒಂದು ಕ್ಷಣ ಯಾರೂ ಮಾತಾಡುತ್ತಿರಲಿಲ್ಲ. ಆ ಕ್ಷಣ ನನಗೆ ಹಿತವಾಗಿರುತ್ತಿತ್ತು ಎಂದರೆ ಸುಳ್ಳಲ್ಲ.

ಹಡಗಿನ ಎಂಜಿನ್ ಕೋಣೆಯ ಫಿಟ್ಟರ್ ಆಗಿ ಅಮೆರಿಕದ ಬಂದರಿಗೆ ಬಂದವನು, ಅರವತ್ತರ ದಶಕ ಮುಗಿಯುವ ಹೊತ್ತಿಗೆ ರೆಡೊಂಡೊ ಬೀಚಿನ ಒಂದು ಸಣ್ಣ ಶಾಪಿನಲ್ಲಿ ಲೇಥ್ ಮುಂದೆ ನಿಂತಿದ್ದೆ. ವಿಮಾನದ ಬಿಡಿಭಾಗ ಕಡೆಯುವ ಕೆಲಸ. ಅಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಮಾಲು ವಾಪಸ್ಸು. ನನ್ನ ಕೈಯಿಂದ ಹೋದ ಮಾಲು ವಾಪಸ್ಸು ಬಂದದ್ದು ಕಡಿಮೆ. ಊಟದ ಬಿಡುವಿನಲ್ಲಿ ಹಿಂದಿನ ಬಯಲಲ್ಲಿ ಶಾಪಿನವರು ಚೆಂಡಾಡುತ್ತಿದ್ದರು. ಮೊದಲ ದಿನ ನಾನು ಗ್ಲವ್ ಇಲ್ಲದೆ ಬರಿಗೈಯಲ್ಲೇ ಹಿಡಿದೆ, ಎಲ್ಲರೂ ನಕ್ಕರು. ಎರಡನೆಯ ವಾರ ನಗಲಿಲ್ಲ. ಅಲ್ಲಿ ಬೇಲಿಯಾಚೆ ನಿಂತು ನೋಡುತ್ತಿದ್ದ ಒಬ್ಬ ಮುದುಕ ಬೇಸ್‌ಬಾಲ್ ಕ್ಲಬ್ಬೊಂದರ ಸ್ಕೌಟ್. ಊರೂರು ಸುತ್ತಿ ಹುಡುಗರ ಆಟ ನೋಡಿ, ಯಾರನ್ನು ತಗೊಳ್ಳಬೇಕು, ಯಾರನ್ನು ಬಿಡಬೇಕು ಎಂದು ವರದಿ ಬರೆಯುವ ಕೆಲಸ ಅವನದು. ಒಂದು ಭಾನುವಾರ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಒಬ್ಬ ಹುಡುಗನನ್ನು ತೋರಿಸಿ ಏನನ್ನಿಸುತ್ತದೆ ಎಂದು ಕೇಳಿದ. ‘ಎಡಗಾಲು ಮೊದಲು ಹೊರಳುತ್ತೆ, ಇವನಿಂದ ಆಗಲ್ಲ’ ಎಂದೆ. ಆಗಲಿಲ್ಲ ಕೂಡ. ಹಾಗೆ ಶುರುವಾಗಿ, ವಾರವೆಲ್ಲ ಲೇಥ್, ಶನಿವಾರ ಭಾನುವಾರ ಮೈದಾನ ಎಂದು ಹತ್ತು ಹನ್ನೆರಡು ವರ್ಷ ನಡೆಯಿತು. ಮುದುಕ ಮುಂದೆ ಕ್ಲಬ್ಬಿನ ಎಲ್ಲ ಸ್ಕೌಟುಗಳ ಮೇಲಿನವನಾದ. ಕ್ಯಾಚರುಗಳ ವಿಷಯ ಬಂದರೆ ಅವನು ನನಗೇ ಫೋನ್ ಮಾಡುತ್ತಿದ್ದ.

ಅವನು ನನಗೆ ಒಂದೇ ಒಂದು ನಿಯಮ ಹೇಳಿಕೊಟ್ಟಿದ್ದ. ನೋಡಲು ಹೋದ ಹುಡುಗನ ಮನೆಯವರ ಕೈಯಿಂದ ಏನನ್ನೂ ತಗೋಬೇಡ, ಕಾಫಿ ಕೂಡ.

ಎಂಬತ್ತರ ದಶಕದ ಮೊದಲ ವರ್ಷಗಳು. ಅಕ್ಟೋಬರಿನಲ್ಲಿ ಕ್ಲಬ್ಬು ತನ್ನ ಮೈನರ್ ಲೀಗಿನ, ಅಂದರೆ ಇನ್ನೂ ಕೆಳಗಿನ ಮೆಟ್ಟಿಲಲ್ಲಿ ಬೇಯುತ್ತಿರುವ, ಹುಡುಗರನ್ನು ಸ್ಯಾನ್ ಡಿಯಾಗೋದ ಒಂದು ಮೈದಾನದಲ್ಲಿ ಸೇರಿಸಿ ಆಡಿಸಿತು. ಇಬ್ಬರು ಕ್ಯಾಚರುಗಳಿದ್ದರು. ಒಬ್ಬ ಮುಂದಿನ ಮೆಟ್ಟಿಲಿಗೆ, ಇನ್ನೊಬ್ಬ ಮನೆಗೆ. ಮುದುಕ ಫೋನಿನಲ್ಲಿ ಹೇಳಿದ, ‘ಐದು ದಿನ ಕೂತು ನೋಡು. ನೀನು ಯಾರನ್ನು ಹೇಳುತ್ತೀಯೋ ಅವನೇ.’

ಹೆಸರುಗಳ ಪಟ್ಟಿ ಕೈಗೆ ಬಂದಾಗ ಒಬ್ಬನ ಅಡ್ಡಹೆಸರು ಕನ್ನಡನಾಡಿನದು ಎಂದು ನೋಡಿದ ಕೂಡಲೇ ಗೊತ್ತಾಯಿತು. ಆಗಲೇ ಮುದುಕನಿಗೆ ಫೋನ್ ಮಾಡಿ, ‘ಇವನು ನಮ್ಮ ಭಾಷೆಯ ಹುಡುಗ, ಬೇರೆಯವರನ್ನು ಕಳಿಸು’ ಎನ್ನಬೇಕಿತ್ತು. ಅನ್ನಲಿಲ್ಲ. ನನ್ನ ಕಣ್ಣು ಯಾರ ಮುಲಾಜಿಗೂ ಬೀಳುವುದಲ್ಲ ಎಂಬ ಸೊಕ್ಕು. ಶಾಪಿನಲ್ಲಿ ಒಂದು ವಾರದ ರಜೆ ಬರೆದುಕೊಟ್ಟು ಕಾರು ಹತ್ತಿದೆ.

ಸಮುದ್ರದ ಮೋಡ ಹನ್ನೊಂದು ಗಂಟೆಯ ತನಕ ಮೈದಾನದ ಮೇಲೆ ಕೂತಿರುತ್ತಿತ್ತು. ಮೊದಲ ದಿನವೇ ನಮ್ಮ ಹುಡುಗನ ಪಾದ ನೋಡಿದೆ. ಬಲಪಾದ ಅರ್ಧ ಹೆಜ್ಜೆ ಒಳಗೆ ಜಾರಿ, ಎಡಪಾದ ಗುರಿಯ ಕಡೆ ಬೀಳುವಷ್ಟರಲ್ಲಿ ಚೆಂಡು ಕೈಬಿಟ್ಟಿರುತ್ತಿತ್ತು. ಸದ್ದಿಲ್ಲದ ಪಾದ. ಹತ್ತು ವರ್ಷದಲ್ಲಿ ಅಂಥವನ್ನು ನಾನು ಮೂರೋ ನಾಲ್ಕೋ ಜೊತೆ ಕಂಡಿದ್ದೆ. ಇನ್ನೊಬ್ಬ ಹುಡುಗ ತೋಟಗಾರರ ಮಗ, ಭುಜ ಎತ್ತಿನ ಭುಜದ ಹಾಗೆ. ಬ್ಯಾಟು ಬೀಸಿದರೆ ಚೆಂಡು ಬೇಲಿ ದಾಟುತ್ತಿತ್ತು, ಎದ್ದು ಎಸೆಯುವುದರಲ್ಲಿ ಮಾತ್ರ ಸ್ವಲ್ಪ ನಿಧಾನ.

ಎರಡನೆಯ ದಿನ ನಮ್ಮ ಹುಡುಗನ ಮುಂದೆ ಚೆಂಡೊಂದು ನೆಲಕ್ಕೆ ಬಡಿದು ಪುಟಿಯಿತು. ನನ್ನ ಬಾಯಿಂದ ‘ಮೈ ಅಡ್ಡ ಹಾಕೋ, ಮೈ ಹಾಕು’ ಎಂದು ಬಂದುಬಿಟ್ಟಿತು. ಎರಡು ಸಾಲು ಕೆಳಗೆ ಕೂತಿದ್ದ ಹೆಂಗಸು ತಿರುಗಿ ನೋಡಿದಳು. ಸೀರೆಯ ಮೇಲೆ ಗಂಡಸರ ಸ್ವೆಟರ್.

“ನೀವು ಈಗ ಏನಂದ್ರಿ?”

“ಏನೂ ಇಲ್ರಿ.”

“ಏನೂ ಇಲ್ಲದ್ದನ್ನ ಕನ್ನಡದಾಗ ಅಂದ್ರಿ.”

ನಾನು ನಕ್ಕೆ. ಅವರು ಹುಡುಗನ ತಾಯಿ. ಎದ್ದು ಬಂದು ನನ್ನ ಪಕ್ಕದ ಸೀಟು ಬಿಟ್ಟು ಆಚೆ ಸೀಟಿನಲ್ಲಿ ಕೂತರು.

“ಯಾವೂರ್ರಿ?”

“ಹುಬ್ಬಳ್ಳಿ.”

“ನಂದು ಧಾರವಾಡ. ಹನ್ನೆರಡು ಮೈಲಿನಾಚೆಗಿನವ್ರನ್ನ ನೋಡಾಕ ಇಲ್ಲೀ ತನಕಾ ಬರಬೇಕಾತು ನೋಡ್ರಿ.” ನನ್ನ ಕೈಯಲ್ಲಿದ್ದ ಸ್ಟಾಪ್‌ವಾಚ್ ನೋಡಿದರು. “ಅದನ್ನ ಹಿಡಕೊಂಡು ಕೂಡೂ ಮಂದಿ ಯಾರಂತ ಗೊತ್ತದ ನನಗ. ನಾ ಏನೂ ಕೇಳೂದಿಲ್ಲ. ಎಷ್ಟು ಓದೀರಿ ನೀವು, ಈ ಕೆಲಸಕ್ಕ?”

“ಏಳನೇ ಇಯತ್ತೆ.”

“ಅಷ್ಟಕ್ಕ ಕಣ್ಣು ಬೇಕಾದಷ್ಟು ಕಾಣ್ತಾವ ಬಿಡ್ರಿ. ನಮ್ಮನಿಯಾಗ ಓದಿದವ್ರಿಗೆ ಮಗಾನ ಕಾಣೂದಿಲ್ಲ.” ಹಾಗೆಂದು ಚೀಲದಿಂದ ಡಬ್ಬಿ ತೆಗೆದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಹಿಟ್ಟನ್ನು ಊರಿನಿಂದ ತರಿಸಿದ್ದಂತೆ. ಜೋಳದ ರೊಟ್ಟಿಯನ್ನು ನಾನು ಕಂಡು ಎಷ್ಟೋ ವರ್ಷವಾಗಿತ್ತು.

“ಬ್ಯಾಡ್ರಿ. ನಾವು ತಗೊಳ್ಳೂ ಹಾಂಗಿಲ್ಲ.”

“ಲಂಚ ಕೊಡಾವ್ರು ರೊಟ್ಟಿ ಕೊಡ್ತಾರೇನ್ರಿ? ಉಣ್ರಿ.”

ಉಂಡೆ. ಒಂದು ರೊಟ್ಟಿಗೆ ಸಾಕೆಂದೆ. “ಒಂದಕ್ಕ ಸಾಕನ್ನೂ ಹುಬ್ಬಳ್ಳಿಯವ್ರನ್ನ ನಾ ನೋಡಿಲ್ಲ” ಎಂದು ಇನ್ನೆರಡು ಹಾಕಿದರು. ಹುಡುಗನ ಬಗ್ಗೆ ಮಾತ್ರ ಅವರು ನಿಜಕ್ಕೂ ಏನನ್ನೂ ಕೇಳಲಿಲ್ಲ. ಏಳುವಾಗ ಒಂದು ಮಾತು ಹೇಳಿದರು, “ಅವಗ ಇದು ಬಿಟ್ರ ಬ್ಯಾರೆ ಏನೂ ಬ್ಯಾಡಾಗೇದ. ಅಷ್ಟ.”

ನಾಲ್ಕನೆಯ ದಿನ ಪಾರ್ಕಿಂಗ್ ಲಾಟಿನಲ್ಲಿ ತಂದೆ ಕಾದಿದ್ದರು. ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುವವರು, ಮೈಸೂರಿನವರು, ಮನೆ ಹತ್ತಿರದಲ್ಲೇ ಯೂನಿವರ್ಸಿಟಿ ಸಿಟಿ ಎಂಬ ಬಡಾವಣೆಯಲ್ಲಿ. ಬಹಳ ಸಭ್ಯ ಮನುಷ್ಯ.

“ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇವನು ಮೇಲೆ ಹೋಗ್ತಾನಾ?”

“ಅದನ್ನ ಹೇಳೂ ಹಾಂಗಿಲ್ಲ ಸರ್.”

“ಎರಡು ವರ್ಷದಿಂದ ಕಾಲೇಜು ಬಿಟ್ಟು ಬಸ್ಸಲ್ಲಿ ಊರೂರು ಅಲೀತಿದಾನೆ. ನಾನು ಬಾ ಅಂದ್ರೆ ಬರಲ್ಲ. ಅವರೇ ಬೇಡ ಅಂದ್ರೆ ಬರ್ತಾನೆ. ನೀವು ಒಂದು ಮಾತು ಹಾಗೆ ಬರೆದ್ರೆ...”

“ನಾ ಕಂಡದ್ದನ್ನ ಬರೀತೀನಿ.”

“ತಪ್ಪು ತಿಳೀಬೇಡಿ. ಓದು ಅರ್ಧಕ್ಕೆ ನಿಂತರೆ ಏನಾಗತ್ತೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರತ್ತೆ?”

“ನನಗೇನೂ ಆಗಿಲ್ರಿ” ಎಂದು ಕಾರಿನ ಬಾಗಿಲು ಹಾಕಿಕೊಂಡೆ.

ಐದನೆಯ ದಿನದ ಆಟ ಮುಗಿದ ಮೇಲೆ ಮಧ್ಯಾಹ್ನ ಮೋಟೆಲಿನ ಮೇಜಿಗೆ ಕೂತು ನೋಟ್‌ಬುಕ್ ಬಿಚ್ಚಿದೆ. ಕ್ಯಾಚರನ ಗ್ಲವಿಗೆ ಚೆಂಡು ಬಿದ್ದ ಸದ್ದಿಗೆ ಹೆಬ್ಬೆರಳು ಒಂದು ಸಲ ಒತ್ತಬೇಕು, ಎರಡನೇ ಬೇಸಿನಲ್ಲಿ ಇನ್ನೊಂದು ಗ್ಲವಿಗೆ ಬಿದ್ದಾಗ ಮತ್ತೊಂದು ಸಲ. ಎರಡು ಸೆಕೆಂಡಿನೊಳಗೆ ಮುಗಿದರೆ ಒಳ್ಳೆಯದು. ಅದರಾಚೆ ಹೋದರೆ ಓಟಗಾರ ಗೆದ್ದ. ನಮ್ಮ ಹುಡುಗ ಐದು ದಿನದಲ್ಲಿ ಹನ್ನೊಂದು ಸಲ ಎಸೆದಿದ್ದ. ಅವುಗಳಲ್ಲಿ ಒಂಬತ್ತು, ಎರಡು ಸೆಕೆಂಡಿನ ಒಳಗೆ. ಇನ್ನೊಬ್ಬ ಹುಡುಗನವು ಹೆಚ್ಚಿನವು ಎರಡರ ಮೇಲೇ, ಆದರೆ ಕೂದಲೆಳೆಯಷ್ಟು ಮೇಲೆ. ಬ್ಯಾಟಿನಲ್ಲಿ ಅವನೇ ಮುಂದು. ಹಾಗಾಗಿ ಎಲ್ಲವೂ ಈ ಎಸೆತದ ಮೇಲೆ ನಿಂತಿತ್ತು. ಇದರಲ್ಲಿ ನಮ್ಮ ಹುಡುಗ ಗೆದ್ದರೆ ಅವನು ಉಳಿಯುತ್ತಾನೆ.

ಪೆನ್ನು ಹಿಡಿದವನಿಗೆ ಅನುಮಾನ ಬಂತು. ಹುಡುಗನ ಮೇಲಲ್ಲ, ನನ್ನ ಹೆಬ್ಬೆರಳಿನ ಮೇಲೆ. ಆ ತಾಯಿಯ ಕೈಯ ರೊಟ್ಟಿ ಉಂಡ ಬೆರಳು ಅದು. ನಮ್ಮವನು ಎಂದು ಅದು ಮೊದಲ ಸಲ ತಡವಾಗಿ, ಎರಡನೇ ಸಲ ಬೇಗ ಒತ್ತಿರಬಹುದಲ್ಲವೇ? ಅನ್ನದ ಋಣ ಎನ್ನುವುದು ಮನುಷ್ಯನಿಗೆ ತಿಳಿಯದ ಹಾಗೆ ಕೆಲಸ ಮಾಡುತ್ತದೆ. ನಾಳೆ ಯಾರಾದರೂ, ನೋಡು, ಇವನು ತನ್ನ ಜನದ ಕಡೆ ವಾಲಿ ಬರೆದ ಎಂದರೆ?

ಶಾಪಿನಲ್ಲಿ ಅಳತೆಯ ಸಲಕರಣೆ ಒಂದೇ ಕಡೆಗೆ ವಾಲುತ್ತಿದೆ ಎಂದು ಗೊತ್ತಾದರೆ ನಾವು ಬಂದ ಎಲ್ಲ ಅಂಕಿಗಳಿಗೂ ಆ ವಾಲುವಿಕೆಯಷ್ಟನ್ನು ಕೂಡಿಸಿ ಸರಿ ಮಾಡುತ್ತೇವೆ. ನಾನೂ ಹಾಗೇ ಮಾಡಿದೆ. ಹನ್ನೊಂದು ಎಸೆತಕ್ಕೂ ಸೆಕೆಂಡಿನ ಹತ್ತನೇ ಒಂದು ಪಾಲು ಕೂಡಿಸಿದೆ. ಆ ಇನ್ನೊಬ್ಬ ಹುಡುಗನ ಅಂಕಿಗಳನ್ನು ಇದ್ದ ಹಾಗೇ ಬರೆದೆ. ಕೆಳಗೆ ‘ಪಾದ ಬಹಳ ಒಳ್ಳೆಯದು, ತೋಳು ಸಾಲದು’ ಎಂದು ಬರೆದು ಸಹಿ ಹಾಕಿ, ದಾರಿಯಲ್ಲಿ ಪೋಸ್ಟ್ ಡಬ್ಬಿಗೆ ಹಾಕಿದೆ. ರೆಡೊಂಡೊ ಬೀಚಿನ ತನಕ ಡ್ರೈವ್ ಮಾಡುವಾಗ ಎದೆ ಹಗುರಾಗಿತ್ತು. ತಾಯಿಯ ರೊಟ್ಟಿಗೂ ತಂದೆಯ ಮಾತಿಗೂ ಬಗ್ಗಲಿಲ್ಲ ನಾನು ಎಂದುಕೊಂಡೆ. ಅಂಥ ಹೆಮ್ಮೆ ನನಗೆ ಜೀವನದಲ್ಲಿ ಎಷ್ಟೋ ಸಲ ಆಗಿದೆ.

ಎರಡು ವಾರಕ್ಕೆ ಹುಡುಗನನ್ನು ಕ್ಲಬ್ಬು ಬಿಟ್ಟಿತು. ನನ್ನ ನಂಬರನ್ನು ತಾಯಿಗೆ ನಾನೇ ಕೊಟ್ಟಿದ್ದೆ. ಅವನು ಫೋನ್ ಮಾಡಿದ. ಅಲ್ಲಿ ಹುಟ್ಟಿದ ಮಕ್ಕಳ ಹಾಗೆ ಅವನಿಗೂ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಮಾತು ಮಾತ್ರ ಇಂಗ್ಲಿಷಿನಲ್ಲಿ.

“ಅಂಕಲ್, ನೀವು ಹೇಳಬಾರದು ಅಂತ ಗೊತ್ತು. ತೋಳೇನಾ?”

“ಹೌದಪ್ಪ. ತೋಳು.”

“ಎಷ್ಟು ಬರ್ತಿತ್ತು?”

“ಎರಡು ದಾಟ್ತಿತ್ತು.”

ಅವನು ಮೆಲ್ಲಗೆ ಹೇಳಿದ, “ವಿಚಿತ್ರ. ಬೇಗ ಹೋಗ್ತಿದೆ ಅಂತಲೇ ನನಗೆ ಅನ್ನಿಸ್ತಿತ್ತು.”

“ಹಾಂಗ ಅನಸ್ತದ” ಎಂದೆ ನಾನು.

ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದು ಫೋನ್ ಇಟ್ಟ.

ದೀಪಾವಳಿಯ ಹೊತ್ತಿಗೆ ತಂದೆಯ ಫೋನ್ ಬಂತು. ಜನವರಿಯಿಂದ ಮಗ ಮತ್ತೆ ಕಾಲೇಜಿಗೆ ಸೇರುತ್ತಿದ್ದಾನೆ, ಎಲ್ಲ ಅಪ್ಲೈ ಮಾಡಿ ಆಯಿತು ಎಂದರು. “ನಿಮ್ಮ ಉಪಕಾರ ಮರೆಯಲ್ಲ.” ನಾನು ಉಪಕಾರ ಮಾಡಿಲ್ಲ ಸರ್, ಕಂಡದ್ದನ್ನು ಬರೆದೆ ಎಂದೆ. “ಗೊತ್ತು, ಗೊತ್ತು. ನೀವು ಹೇಳಿಕೊಳ್ಳೋರಲ್ಲ” ಎಂದು ನಕ್ಕರು. ತಾಯಿ ಫೋನಿಗೆ ಬರಲಿಲ್ಲ.

ಮಾರ್ಚಿನಲ್ಲಿ ಲಾಸ್ ಏಂಜಲೀಸಿನ ಪೂರ್ವಕ್ಕೆ ಒಂದು ಕಾಲೇಜು ಮೈದಾನದಲ್ಲಿ ಬೇರೊಂದು ಕ್ಲಬ್ಬಿನ ಸ್ಕೌಟ್ ನನ್ನ ಪಕ್ಕ ಬಂದು ಕೂತ. ಬಿಳಿ ಮೀಸೆಯವನು, ಸದಾ ಸೂರ್ಯಕಾಂತಿ ಬೀಜ ಅಗಿಯುತ್ತಿದ್ದ. ಅಕ್ಟೋಬರಿನಲ್ಲಿ ಸ್ಯಾನ್ ಡಿಯಾಗೋದಲ್ಲೂ ನನ್ನ ಹಿಂದೆಯೇ ಕೂತಿದ್ದವನು.

“ನಿಮ್ಮ ದೇಶದ ಹುಡುಗನನ್ನು ಯಾಕಪ್ಪ ಬಿಟ್ಟಿರಿ?” ಎಂದ.

“ತೋಳು” ಎಂದೆ.

“ತೋಳೇ?” ಜೇಬಿನಿಂದ ತನ್ನ ಪುಸ್ತಕ ತೆಗೆದು ಹಾಳೆ ತಿರುವಿ ನನ್ನ ತೊಡೆಯ ಮೇಲಿಟ್ಟ. ಹನ್ನೊಂದು ಎಸೆತ. ಒಂದೊಂದಾಗಿ ಓದಿದೆ. ಅವೂ ನನ್ನ ನೋಟ್‌ಬುಕ್ಕಿನ ಅಂಕಿಗಳೇ, ಕೂಡಿಸುವ ಮೊದಲಿನವು. ಎರಡು ಮೂರು ಕಡೆ ಅವನ ವಾಚು ನನ್ನದಕ್ಕಿಂತ ಒಂದು ಕೂದಲು ಬೇಗವೇ ತೋರಿಸಿತ್ತು. ಅವನಿಗೆ ಆ ಹುಡುಗ ಯಾರೂ ಅಲ್ಲ. ಅವನ ಬೆರಳಿಗೆ ಯಾವ ಋಣವೂ ಇರಲಿಲ್ಲ.

“ನಾವು ಕರೆಯಬೇಕು ಅಂತಿದ್ದೆವು. ಆದರೆ ತೋಳು ಸರಿಯಿಲ್ಲ ಅಂತ ಸ್ವಂತ ಕ್ಲಬ್ಬೇ ಬಿಟ್ಟಿತು ಅಂದಮೇಲೆ, ಭುಜಕ್ಕೆ ಏನೋ ಆಗಿದೆ, ಅವರು ಮುಚ್ಚಿಡುತ್ತಿದ್ದಾರೆ ಅಂತ ನಮ್ಮ ಮೇಲಿನವರು ಹಿಂದೆ ಸರಿದರು” ಎಂದ. ಬೀಜದ ಸಿಪ್ಪೆ ಉಗಿದ. ಆಟ ಶುರುವಾಯಿತು. ಅವತ್ತು ಯಾರು ಆಡಿದರು ಎಂದು ನನಗೆ ನೆನಪಿಲ್ಲ.

ಮರುದಿನ ಶಾಪಿನಿಂದಲೇ ಮುದುಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ರೊಟ್ಟಿ ತಿಂದದ್ದನ್ನೂ ಹೇಳಿದೆ. ಅವನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

“ಅವನು ನಿಮ್ಮವನು ಅಂತ ಮೊದಲೇ ಒಂದು ಮಾತು ಹೇಳಿದ್ದರೆ ನಾನೇ ಬಂದು ನೋಡುತ್ತಿದ್ದೆ. ಅಷ್ಟು ಸಾಕಿತ್ತು.”

“ಈಗ ವಾಪಸ್ಸು ತಗೊಳ್ಳಲು ಆಗುತ್ತಾ?”

“ಜಾಗ ತುಂಬಿದೆ. ಚಳಿಗಾಲ ಪೂರ್ತಿ ಚೆಂಡು ಮುಟ್ಟದ ಕ್ಯಾಚರನನ್ನು ಈಗ ಯಾರು ನೋಡುತ್ತಾರೆ ಹೇಳು.”

ಹುಡುಗನಿಗೆ ಹೇಳಬೇಕೋ ಬೇಡವೋ ಎಂದು ಮೂರು ವಾರ ಒದ್ದಾಡಿದೆ. ಲೇಥ್ ಮೇಲೆ ಎರಡು ಪೀಸು ಕೆಡಿಸಿದೆ. ಕೊನೆಗೆ ಒಂದು ಶುಕ್ರವಾರ ರಜೆ ಹಾಕಿ ಹೋದೆ. ಮನೆಗೆ ಹೋಗುವ ಧೈರ್ಯವಾಗಲಿಲ್ಲ. ಯೂನಿವರ್ಸಿಟಿಯ ನೀಲಗಿರಿ ಮರಗಳ ಕೆಳಗೆ ಒಂದು ಕಲ್ಲುಬೆಂಚಿನ ಹತ್ತಿರ ಬರಲು ಹೇಳಿದ್ದೆ. ಬಂದ. ಅಷ್ಟು ದಿನದಲ್ಲೇ ಭುಜ ಇಳಿದಿತ್ತು. ಕಂಕುಳಲ್ಲಿ ದಪ್ಪ ರಸಾಯನಶಾಸ್ತ್ರದ ಪುಸ್ತಕ.

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ನಿನ್ನ ಎಸೆತಗಳಿಗೆಲ್ಲ ನಾನು ಕೂಡಿಸಿ ಬರೆದೆ, ನಿಜವಾಗಿ ಅವುಗಳಲ್ಲಿ ಒಂಬತ್ತು, ಎರಡರ ಒಳಗಿದ್ದವು ಎಂದೆ.

“ಯಾಕೆ?”

“ನೀ ನಮ್ಮವ ಅಂತ.”

ಅದು ಅವನಿಗೆ ಅರ್ಥವಾಗಲಿಲ್ಲ. ಅಲ್ಲಿ ಹುಟ್ಟಿದ ಯಾರಿಗೂ ಅದು ಅರ್ಥವಾಗುವುದಿಲ್ಲ. ಮತ್ತೆ ಬಿಡಿಸಿ ಹೇಳಿದೆ: ನಿನ್ನ ಮೇಲೆ ಪ್ರೀತಿ ಬಂದುಬಿಟ್ಟಿತ್ತು, ಆ ಪ್ರೀತಿಯನ್ನು ಕಳೆದು ಬರೆಯಬೇಕು ಅಂದುಕೊಂಡೆ, ಕಳೆಯಲು ಹೋಗಿ ನಿನ್ನದನ್ನೇ ಕಳೆದೆ. ಅವನು ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡು ಅದರ ಅಂಚನ್ನೇ ನೋಡುತ್ತ ಕೂತ.

“ನನ್ನ ತೋಳು ಸಾಲದು ಅಂತ ಒಪ್ಪಿಕೊಳ್ಳಕ್ಕೆ ನನಗೆ ಐದು ತಿಂಗಳು ಹಿಡೀತು ಅಂಕಲ್” ಎಂದ. “ಹೋದ ವಾರವೇ ಮೊದಲ ಸಲ ಚೆನ್ನಾಗಿ ನಿದ್ದೆ ಬಂದದ್ದು. ಈಗ ಅದನ್ನೂ ತಗೊಂಡ್ರಿ.”

ನಿಜ ಹೇಳಿದರೆ ಭಾರ ಇಳಿಯುತ್ತದೆ ಎಂದುಕೊಂಡು ಬಂದಿದ್ದೆ. ಇಳಿದದ್ದು ನನ್ನದಷ್ಟೇ, ಅದನ್ನು ಅವನ ಹೆಗಲಿಗೆ ಏರಿಸಿದ್ದೆ.

ಅವನೇ ಕೇಳಿದ, “ನಿಜವಾದ ನಂಬರ್ ಇದೆಯಾ?”

ನೋಟ್‌ಬುಕ್ ಜೇಬಿನಲ್ಲೇ ಇತ್ತು. ತನ್ನ ಪುಸ್ತಕದ ಕೊನೆಯ ಖಾಲಿ ಹಾಳೆ ಬಿಚ್ಚಿ, ಪೆನ್ನು ಕೊಟ್ಟು, ಇಲ್ಲಿ ಬರೆಯಿರಿ ಎಂದ. ಹನ್ನೊಂದನ್ನೂ ಒಂದರ ಕೆಳಗೊಂದು ಬರೆದೆ. ಅವನು ಮೊದಲನೆಯದರ ಮೇಲೆ ಬೆರಳಿಟ್ಟು, ಇದು ಯಾವುದು ಎಂದ. ಸೋಮವಾರದ್ದು, ಎತ್ತರದ ಓಟಗಾರ, ಚೆಂಡೆಸೆಯುವ ಪಿಚರ್ ಕಾಲೆತ್ತುವ ಮೊದಲೇ ಹೊರಟಿದ್ದನಲ್ಲ, ಅವನು ಎಂದೆ. ಅವನಿಗೆ ನೆನಪಿತ್ತು. ಎರಡನೆಯದು? ಅದಕ್ಕೆ ಚೆಂಡು ನಿನ್ನ ಬಲಕ್ಕೆ ಬಹಳ ದೂರ ಬಂದಿತ್ತು, ಆದರೂ ಪಾದ ತಪ್ಪಲಿಲ್ಲ. ಮೂರನೆಯದಕ್ಕೆ ಅವನೇ ಹೇಳಿದ, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಬೇಸ್ ಕಾಣದೆ ಅಂದಾಜಿನ ಮೇಲೆ ಎಸೆದೆ ಎಂದು. ಅದು ಎಲ್ಲಕ್ಕಿಂತ ಬೇಗ ಹೋದ ಎಸೆತ. ಹಾಗೆಂದು ನಾನು ಹೇಳಿದಾಗ ಅವನ ಮುಖದಲ್ಲಿ ಏನೋ ಬಂದು, ಬಂದಷ್ಟೇ ಬೇಗ ಹೋಯಿತು.

ಹಾಗೇ ಒಂದೊಂದಾಗಿ ಏಳನೆಯದರ ತನಕ ಬಂದೆವು. ಅಷ್ಟರಲ್ಲಿ ಅವನ ಕ್ಲಾಸಿನ ಹೊತ್ತಾಯಿತು. ಪುಸ್ತಕ ಮುಚ್ಚಿ ಎದ್ದ. ಕುಲುಕಲು ಕೈ ಚಾಚಲಿಲ್ಲ, ಚಾಚಲಿ ಎಂದು ನಾನೂ ನಿರೀಕ್ಷಿಸಿರಲಿಲ್ಲ. “ಬರ್ತೀನಿ” ಎಂದು ಕನ್ನಡದಲ್ಲೇ ಹೇಳಿ ಮರಗಳ ನಡುವೆ ನಡೆದು ಹೋದ. ಉಳಿದ ನಾಲ್ಕನ್ನು ಕೇಳಲು ಅವನು ಮತ್ತೆ ಯಾವತ್ತೂ ಫೋನ್ ಮಾಡಲಿಲ್ಲ.